ಕಿಡ್ನಿ, ರೀನಲ್, ನೆಫ್ರೋ: ಒಂದೇ ಅಂಗಕ್ಕೆ ಮೂರು ಹೆಸರು ಯಾಕೆ?

ಪ್ರಶ್ನೆ: ನನ್ನ ಮಗಳು ಎರಡನೇ ಪಿಯುಸಿ, ನೀಟ್‌ಗೂ ಓದುತ್ತಿದ್ದಾಳೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಈಗ ಬಯಾಲಜಿ ಪದಗಳನ್ನು ಉರು ಹೊಡೆದೂ ಹೊಡೆದೂ ಸುಸ್ತಾಗಿದ್ದಾಳೆ. ಕಿಡ್ನಿ ಅಂತ ಒಂದು ಪದ ಇರುವಾಗ ಅದರ ರಕ್ತನಾಳಕ್ಕೆ ರೀನಲ್ ಆರ್ಟರಿ, ಅದರ ಡಾಕ್ಟರಿಗೆ ನೆಫ್ರಾಲಜಿಸ್ಟ್ ಅಂತ ಯಾಕೆ? ಗ್ರೀಕ್, ಲ್ಯಾಟಿನ್ ಮೂಲ ತಿಳಿದುಕೊಂಡರೆ ಓದು ಹಗುರವಾಗುತ್ತದೆಯೇ? ಇಂಗ್ಲಿಷ್ ಪದಗಳೆಲ್ಲ ಸಂಸ್ಕೃತದಿಂದಲೇ ಹೋದವು ಎಂದು ವಾಟ್ಸಾಪ್‌ನಲ್ಲಿ ಬರುತ್ತಿರುತ್ತದೆ, ಅದು ನಿಜವೇ? ಕನ್ನಡದಿಂದ ಏನಾದರೂ ಹೋಗಿದೆಯೇ?
(ಹಾಸನದ ಓದುಗರೊಬ್ಬರು)

ಉತ್ತರ: ಮೊದಲು ಮಗಳಿಗೆ ಧೈರ್ಯ ಹೇಳಿ. ಈ ಪದಗಳು ಕಷ್ಟವಾಗುತ್ತಿರುವುದಕ್ಕೆ ಕನ್ನಡ ಮಾಧ್ಯಮ ಕಾರಣವಲ್ಲ. ಲಂಡನ್ನಿನಲ್ಲಿ ಹುಟ್ಟಿ ಬೆಳೆದ ಹುಡುಗಿಗೂ ಮನೆಯಲ್ಲಿ ಕಿವಿಗೆ ಬೀಳುವುದು ಕಿಡ್ನಿ ಒಂದೇ. ರೀನಲ್, ನೆಫ್ರಾನ್, ಗ್ಲೊಮೆರುಲಸ್ ಇವನ್ನೆಲ್ಲ ಅವಳೂ ಶಾಲೆಯಲ್ಲೇ ಕಲಿಯಬೇಕು. ಇನ್ನೂ ಹೇಳಬೇಕೆಂದರೆ, ಕನ್ನಡದಲ್ಲಿ ಓದಿ ಬಂದವರಿಗೆ ಇಲ್ಲಿ ಒಂದು ಅನುಕೂಲವೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೂರು ಹೆಸರಿನ ಗುಟ್ಟು ಇಷ್ಟು. ಕಿಡ್ನಿ ಎಂಬುದು ಇಂಗ್ಲೆಂಡಿನ ಜನ ಬಾಯಲ್ಲಿ ಆಡುತ್ತಿದ್ದ ಮಾತು. ರೀನಲ್ ಬಂದದ್ದು ಲ್ಯಾಟಿನ್‌ನ ‘ರೆನೆಸ್’ ಎಂಬ ಪದದಿಂದ, ಅದರ ಅರ್ಥವೂ ಮೂತ್ರಪಿಂಡಗಳು ಎಂದೇ. ನೆಫ್ರೋ ಬಂದದ್ದು ಗ್ರೀಕ್‌ನ ‘ನೆಫ್ರೋಸ್’ ಎಂಬುದರಿಂದ, ಅದೂ ಮೂತ್ರಪಿಂಡವೇ. ಅಡುಗೆಮನೆಯವರದ್ದು ಒಂದು ಭಾಷೆ, ದೇಹವನ್ನು ಕೊಯ್ದು ನೋಡಿ ಬರೆದವರದ್ದು ಇನ್ನೊಂದು, ರೋಗದ ಬಗ್ಗೆ ಬರೆದವರದ್ದು ಮತ್ತೊಂದು. ಮೂರೂ ಉಳಿದುಕೊಂಡವು, ಕೆಲಸ ಹಂಚಿಕೊಂಡವು.

ನಮಗೆ ಇದು ಹೊಸದೇನಲ್ಲ. ಹಲ್ಲು ನೋವು ಎನ್ನುತ್ತೇವೆ, ದಂತವೈದ್ಯರ ಹತ್ತಿರ ಹೋಗುತ್ತೇವೆ, ಬೋರ್ಡಿನ ಮೇಲೆ ಡೆಂಟಲ್ ಕ್ಲಿನಿಕ್ ಎಂದು ಬರೆದಿರುತ್ತದೆ. ಕಣ್ಣು ಉರಿಯುತ್ತದೆ, ಆದರೆ ದಾನ ಮಾಡುವುದು ನೇತ್ರವನ್ನು. ‘ನೇತ್ರ ಉರೀತಿದೆ’ ಎಂದು ಯಾರೂ ಅನ್ನುವುದಿಲ್ಲ, ಅಲ್ವಾ? ಇಂಗ್ಲಿಷಿನಲ್ಲೂ ಹಾಗೆಯೇ. ಕಣ್ಣು ‘ಐ’, ಕಣ್ಣಿಗೆ ಸಂಬಂಧಿಸಿದ್ದು ಲ್ಯಾಟಿನ್‌ನಿಂದ ‘ಆಕ್ಯುಲರ್’, ಕಣ್ಣಿನ ವೈದ್ಯಶಾಸ್ತ್ರ ಗ್ರೀಕ್‌ನಿಂದ ‘ಆಫ್ತಾಲ್ಮಾಲಜಿ’. ಹಲ್ಲು ‘ಟೂತ್’, ‘ಡೆಂಟಲ್’, ‘ಆರ್ಥೊಡಾಂಟಿಸ್ಟ್’. ಶ್ವಾಸಕೋಶ ‘ಲಂಗ್’, ‘ಪಲ್ಮನರಿ’, ‘ನ್ಯುಮೋನಿಯ’. ಈ ಸಾಲುಗಳನ್ನು ಒಮ್ಮೆ ಗುರುತಿಸಿದರೆ ಪುಸ್ತಕದ ತುಂಬ ಅವೇ ಕಾಣುತ್ತವೆ.

ಇಂಗ್ಲಿಷಿಗೆ ಈ ಪದರಗಳು ಹೇಗೆ ಬಂದವು? 5ನೇ ಶತಮಾನದಲ್ಲಿ ರೋಮನ್ನರು ಬ್ರಿಟನ್ ಬಿಟ್ಟು ಹೋದ ಮೇಲೆ ಈಗಿನ ಜರ್ಮನಿ, ಡೆನ್ಮಾರ್ಕ್ ಕಡೆಯಿಂದ ಆಂಗಲ್, ಸ್ಯಾಕ್ಸನ್, ಜೂಟ್ ಎಂಬ ಬುಡಕಟ್ಟಿನವರು ಬಂದು ನೆಲೆ ನಿಂತರು. ಅವರ ಮಾತೇ ಇಂಗ್ಲಿಷಿನ ತಾಯಿಬೇರು. ಹ್ಯಾಂಡ್, ಫೂಟ್, ಐ, ಟೂತ್, ಹಾರ್ಟ್, ಬ್ಲಡ್, ಬೋನ್ ಎಲ್ಲ ಅವರದ್ದು. 597ರಲ್ಲಿ ರೋಮಿನಿಂದ ಕ್ರೈಸ್ತ ಧರ್ಮಪ್ರಚಾರಕರು ಬಂದರು. ಬಿಷಪ್, ಏಂಜೆಲ್, ಸ್ಕೂಲ್ ಮುಂತಾದ ಗ್ರೀಕ್ ಪದಗಳು ಲ್ಯಾಟಿನ್ ಬಾಯಿಂದ ಒಳಗೆ ಬಂದವು. 8ನೇ ಶತಮಾನದ ಕೊನೆಯಿಂದ ವೈಕಿಂಗರ ದಾಳಿ. ದಾಳಿಗೆ ಬಂದವರಲ್ಲಿ ಬಹಳ ಜನ ಅಲ್ಲೇ ಊರು ಮಾಡಿಕೊಂಡರು, ಹೆಣ್ಣು ಕೊಟ್ಟು ತಂದರು. ಆದ್ದರಿಂದ ಅವರ ನಾರ್ಸ್ ಭಾಷೆಯಿಂದ ಬಂದವು ಮನೆಮಾತಿನ ಪದಗಳು: ಎಗ್, ನೈಫ್, ಸ್ಕಿನ್, ಲೆಗ್, ಸಿಸ್ಟರ್, ಕೊನೆಗೆ ‘ದೇ’, ‘ದೆಮ್’ ಎಂಬ ಸರ್ವನಾಮಗಳು ಕೂಡ. ವಿಂಡೋ ಎಂಬುದು ಅವರ ‘ವಿಂಡೌಗ’, ಅಂದರೆ ಗಾಳಿಯ ಕಣ್ಣು. ನಮ್ಮ ಗವಾಕ್ಷವೂ ಕಣ್ಣೇ, ಗೋವಿನ ಕಣ್ಣು.

1066ರಲ್ಲಿ ನಾರ್ಮಂಡಿಯ ವಿಲಿಯಂ ಹೇಸ್ಟಿಂಗ್ಸ್ ಯುದ್ಧ ಗೆದ್ದ. ಮುಂದಿನ ಸುಮಾರು ಮುನ್ನೂರು ವರ್ಷ ಅರಮನೆ, ಕೋರ್ಟು, ಜಮೀನ್ದಾರಿಕೆಯ ಭಾಷೆ ಫ್ರೆಂಚ್ ಆಯಿತು. ‘ಲಾ’ ಎಂಬ ಪದ ವೈಕಿಂಗರದ್ದು, ಆದರೆ ಜಡ್ಜ್, ಕೋರ್ಟ್, ಜೂರಿ, ಪ್ರಿಸನ್, ಟ್ಯಾಕ್ಸ್ ಇವೆಲ್ಲ ಫ್ರೆಂಚ್ ದಾರಿಯಲ್ಲಿ ಬಂದವು. ಆಳುವವರ ಮಾತು ಆಫೀಸಿಗೆ, ಉಳುವವರ ಮಾತು ಮನೆಗೆ. ಮೈಸೂರು ಸೀಮೆಯ ಕಚೇರಿ ಕಾಗದಗಳಲ್ಲಿ ಜಮಾಬಂದಿ, ತಹಶೀಲ್ದಾರ್, ಅರ್ಜಿ ಎಂಬ ಪರ್ಷಿಯನ್, ಅರಬ್ಬಿ ಪದಗಳು ಕೂತದ್ದೂ ಇದೇ ರೀತಿ.

ಇಲ್ಲಿಯವರೆಗಿನದು ಜನ ಬಂದು, ಅವರ ಜೊತೆ ಪದವೂ ಬಂದ ಕಥೆ. ವೈದ್ಯಕೀಯ ಪದಗಳ ಕಥೆ ಬೇರೆ. ಅವು ಬಂದದ್ದು ಪುಸ್ತಕದ ದಾರಿಯಲ್ಲಿ.

ಯೂರೋಪಿನಲ್ಲಿ ವೈದ್ಯವನ್ನು ಮೊದಲು ಶಾಸ್ತ್ರವಾಗಿ ಬರೆದವರು ಗ್ರೀಕರು. ಕ್ರಿಸ್ತಪೂರ್ವ 5ನೇ ಶತಮಾನದ ಹಿಪಾಕ್ರಟಿಸ್ ಹೆಸರಿನ ಗ್ರಂಥಗಳು ಗ್ರೀಕ್‌ನಲ್ಲಿವೆ. ಆಮೇಲೆ ರೋಮನ್ನರು ಗ್ರೀಸನ್ನು ಗೆದ್ದರು, ಆದರೆ ರೋಮಿನಲ್ಲಿ ನಾಡಿ ಹಿಡಿಯುತ್ತಿದ್ದವರು ಹೆಚ್ಚಾಗಿ ಗ್ರೀಕ್ ವೈದ್ಯರೇ. ಕ್ರಿಸ್ತಶಕ 2ನೇ ಶತಮಾನದ ಗ್ಯಾಲೆನ್ ಚಕ್ರವರ್ತಿಯ ವೈದ್ಯನಾಗಿದ್ದ, ರೋಮಿನಲ್ಲೇ ಇದ್ದ, ಬರೆದದ್ದು ಮಾತ್ರ ಗ್ರೀಕ್‌ನಲ್ಲಿ. ಅದಕ್ಕೂ ಮೊದಲೇ ಕೆಲ್ಸಸ್ ಎಂಬಾತ ಗ್ರೀಕ್ ವೈದ್ಯವನ್ನು ಲ್ಯಾಟಿನ್‌ಗೆ ತಂದಿದ್ದ. ಮುಂದೆ ಪಶ್ಚಿಮ ಯೂರೋಪಿನಲ್ಲಿ ಗ್ರೀಕ್ ಓದುವವರೇ ಕಡಿಮೆಯಾದರು. ಆಗ ಗ್ಯಾಲೆನ್‌ನ ಗ್ರಂಥಗಳನ್ನು ಕಾಪಾಡಿದ್ದು ಪೂರ್ವದವರು. 9ನೇ ಶತಮಾನದ ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಶಾಕ್ ಅವನ್ನು ಸಿರಿಯಾಕ್ ಮತ್ತು ಅರಬ್ಬಿಗೆ ತಂದ. 12ನೇ ಶತಮಾನದಲ್ಲಿ ಸ್ಪೇನಿನ ಟೊಲೆಡೊ ಊರಿನಲ್ಲಿ ಕ್ರೆಮೋನಾದ ಜೆರಾರ್ಡ್ ಎಂಬಾತ ಪರ್ಷಿಯಾದ ವೈದ್ಯ ಇಬ್ನ್ ಸೀನಾನ ಗ್ರಂಥವನ್ನು ಅರಬ್ಬಿಯಿಂದ ಲ್ಯಾಟಿನ್‌ಗೆ ಅನುವಾದಿಸಿದ. ಮಿದುಳಿನ ಹೊದಿಕೆಗೆ ‘ಡ್ಯೂರಾ ಮೇಟರ್’ ಎಂಬ ಹೆಸರಿದೆ. ಗಡಸು ತಾಯಿ ಎಂದರ್ಥ. ಹೊದಿಕೆಯನ್ನು ತಾಯಿ ಎಂದು ಕರೆದದ್ದು ಅರಬ್ಬಿಯವರು. ಲ್ಯಾಟಿನ್‌ನವರು ಅದನ್ನು ಪದಕ್ಕೆ ಪದ ಇಟ್ಟು ಅನುವಾದಿಸಿದರು.

1543ರಲ್ಲಿ ಪಡುವಾ ವಿಶ್ವವಿದ್ಯಾಲಯದ ವೆಸಾಲಿಯಸ್ ತಾನೇ ಹೆಣಗಳನ್ನು ಕೊಯ್ದು ನೋಡಿ, ಚಿತ್ರಗಳ ಸಮೇತ ಅಂಗರಚನೆಯ ದೊಡ್ಡ ಗ್ರಂಥ ಪ್ರಕಟಿಸಿದ. ಅದು ಲ್ಯಾಟಿನ್‌ನಲ್ಲಿತ್ತು. ರಕ್ತ ದೇಹದಲ್ಲಿ ಸುತ್ತುತ್ತದೆ ಎಂದು ತೋರಿಸಿದ ವಿಲಿಯಂ ಹಾರ್ವಿ ಇಂಗ್ಲೆಂಡಿನವನು, 1628ರ ಅವನ ಪುಸ್ತಕವೂ ಲ್ಯಾಟಿನ್‌ನಲ್ಲೇ. ಓದುಗರು ಇಟಲಿಯಲ್ಲಿ, ಜರ್ಮನಿಯಲ್ಲಿ ಇದ್ದಾರೆ ಎಂದ ಮೇಲೆ ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಬರೆಯಬೇಕಲ್ಲ. ಹೀಗಾಗಿ ಎಲುಬು, ಸ್ನಾಯು, ರಕ್ತನಾಳಗಳ ಹೆಸರಲ್ಲಿ ಲ್ಯಾಟಿನ್ ಜಾಸ್ತಿ. ರೋಗ ಮತ್ತು ಶಾಸ್ತ್ರಗಳ ಹೆಸರಲ್ಲಿ ಗ್ರೀಕ್ ಜಾಸ್ತಿ. ಕರಾರುವಾಕ್ಕಾದ ನಿಯಮವಲ್ಲ, ಆದರೆ ಓದುವಾಗ ಬಹಳ ಸಲ ಕೈ ಹಿಡಿಯುತ್ತದೆ.

ಈ ಲ್ಯಾಟಿನ್ ಹೆಸರುಗಳು ಕೇಳಲು ದೊಡ್ಡವು, ಅರ್ಥ ನೋಡಿದರೆ ದಿನಬಳಕೆಯ ಸಾಮಾನುಗಳು. ಟಿಬಿಯಾ ಎಂದರೆ ಊದುವ ಕೊಳಲು. ಫಿಬ್ಯುಲಾ ಎಂದರೆ ಬಟ್ಟೆಗೆ ಹಾಕುವ ಪಿನ್ನು, ಟಿಬಿಯಾದ ಪಕ್ಕ ಅದು ಪಿನ್ನಿನ ಹಾಗೇ ಕೂತಿದೆ. ಕ್ಲಾವಿಕಲ್ ಸಣ್ಣ ಬೀಗದಕೈ. ಪಟೆಲ್ಲಾ ಸಣ್ಣ ತಟ್ಟೆ. ಕಾಕ್ಲಿಯಾ ಬಸವನಹುಳು. ಮಸಲ್ ಎಂದರೆ ಪುಟ್ಟ ಇಲಿ: ತೋಳು ಮಡಿಸಿ ಬಿಗಿ ಮಾಡಿದಾಗ ಚರ್ಮದ ಕೆಳಗೆ ಇಲಿ ಓಡಿದ ಹಾಗೆ ಕಾಣುತ್ತದೆ ಎಂದು.

ಇವುಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಪ್ಯೂಪಿಲ್. ಶಾಲೆಯ ಹುಡುಗನೂ ಪ್ಯೂಪಿಲ್, ಕಣ್ಣಿನ ನಡುವಿನ ಕಪ್ಪು ಬೊಟ್ಟೂ ಪ್ಯೂಪಿಲ್. ಎರಡಕ್ಕೂ ಏನು ಸಂಬಂಧ? ಲ್ಯಾಟಿನ್‌ನಲ್ಲಿ ‘ಪೂಪಿಲ್ಲ’ ಎಂದರೆ ಪುಟ್ಟ ಹುಡುಗಿ, ಗೊಂಬೆ. ಮಗಳನ್ನು ಬೆಳಕಿನಲ್ಲಿ ಎದುರಿಗೆ ಕೂರಿಸಿಕೊಂಡು ಅವಳ ಕಣ್ಣೊಳಗೆ ಹತ್ತಿರದಿಂದ ನೋಡಿ. ಆ ಕಪ್ಪಿನಲ್ಲಿ ನಿಮ್ಮದೇ ಪುಟ್ಟ ಬಿಂಬ ಕಾಣುತ್ತದೆ, ಗೊಂಬೆಯಷ್ಟು. ಗ್ರೀಕರೂ ಇದನ್ನೇ ಕಂಡು ಅದನ್ನು ‘ಕೋರೆ’, ಹುಡುಗಿ ಎಂದರು. ಸಂಸ್ಕೃತದ ‘ಕನೀನಿಕಾ’ಕ್ಕೂ ಇದೇ ಎರಡು ಅರ್ಥ. ನಾವು? ಕಣ್ಣಿನ ಪಾಪೆ! ಪಾಪೆ ಎಂದರೆ ಗೊಂಬೆ, ಮಗು. ಕನ್ನಡ ಇದನ್ನು ಲ್ಯಾಟಿನ್‌ನಿಂದ ಕಲಿತದ್ದಲ್ಲ, ಲ್ಯಾಟಿನ್ ಕನ್ನಡದಿಂದ ಕಲಿತದ್ದೂ ಅಲ್ಲ. ಕಣ್ಣೊಳಗೆ ನೋಡಿದವರಿಗೆಲ್ಲ ಅದೇ ಗೊಂಬೆ ಕಂಡಿದೆ.

ಇನ್ನು ಗ್ರೀಕ್ ಭಾಗ. ಗ್ರೀಕ್‌ನಲ್ಲಿ ಪದಕ್ಕೆ ಪದ ಬೆಸೆದು ಹೊಸ ಪದ ಮಾಡುವುದು ಸಲೀಸು, ಸಂಸ್ಕೃತದ ಸಮಾಸದ ಹಾಗೆ. ಆದ್ದರಿಂದ 18, 19, 20ನೇ ಶತಮಾನದ ವಿಜ್ಞಾನಿಗಳು ಹೊಸದೇನಾದರೂ ಕಂಡಾಗ ಗ್ರೀಕ್ ತುಂಡುಗಳನ್ನು ಜೋಡಿಸಿ ಹೆಸರಿಟ್ಟರು. ನೆಫ್ರಾಲಜಿ ಎಂಬ ಪದವನ್ನು ಹಿಪಾಕ್ರಟಿಸ್ ಕೇಳಿರಲೇ ಇಲ್ಲ. ತುಂಡುಗಳು ಹಳೆಯವು, ಜೋಡಣೆ ಹೊಸದು. ‘-ಐಟಿಸ್’ ನೋಡಿ. ಗ್ರೀಕ್‌ನಲ್ಲಿ ಅದಕ್ಕೆ ಊತ ಎಂಬ ಅರ್ಥವೇ ಇರಲಿಲ್ಲ. ‘ನೆಫ್ರೀಟಿಸ್ ನೋಸೋಸ್’ ಎಂದರೆ ಮೂತ್ರಪಿಂಡದ ಕಾಯಿಲೆ, ಅಷ್ಟೆ. ಕಾಯಿಲೆ ಎಂಬ ‘ನೋಸೋಸ್’ ಬಿದ್ದುಹೋಯಿತು, ‘-ದ’ ಎಂಬ ವಿಭಕ್ತಿಯಂಥ ಬಾಲ ಉಳಿಯಿತು. ಆ ಬಾಲಕ್ಕೆ ಮುಂದಿನ ವೈದ್ಯರು ಉರಿಯೂತ ಎಂಬ ಅರ್ಥ ಕೊಟ್ಟರು. ಈಗ ಯಾವ ಅಂಗದ ಹಿಂದೆ ಹಾಕಿದರೂ ನಡೆಯುತ್ತದೆ: ಹೆಪಟೈಟಿಸ್, ಆರ್ಥ್ರೈಟಿಸ್, ಟಾನ್ಸಿಲೈಟಿಸ್.

ಈ ಕೊನೆಯದರಲ್ಲಿ ಟಾನ್ಸಿಲ್ ಲ್ಯಾಟಿನ್, ಬಾಲ ಗ್ರೀಕ್. ಇಂಥ ಬೆರಕೆ ಇಂಗ್ಲಿಷಿನಲ್ಲಿ ಬೇಕಾದಷ್ಟಿದೆ. ಟೆಲಿವಿಷನ್‌ನಲ್ಲಿ ‘ಟೆಲಿ’ ಗ್ರೀಕ್, ‘ವಿಷನ್’ ಲ್ಯಾಟಿನ್. ಹೈಪರ್‌ಟೆನ್ಷನ್ ಕೂಡ ಹಾಗೇ. ನಮ್ಮ ಕೇಶಿರಾಜ 13ನೇ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆಯುವಾಗ ಕನ್ನಡಕ್ಕೆ ಸಂಸ್ಕೃತ ಬೆಸೆಯುವುದನ್ನು ಅರಿಸಮಾಸ ಎಂದು ಬೇಡವೆಂದ. ಇಂಗ್ಲಿಷಿನ ಪಂಡಿತರಲ್ಲೂ ಅಂಥ ಮಡಿವಂತರಿದ್ದರು. 16ನೇ ಶತಮಾನದ ಜಾನ್ ಚೀಕ್ ಪರಭಾಷೆಯ ಪದಗಳನ್ನು ಆದಷ್ಟು ದೂರವಿಟ್ಟು ಬೈಬಲ್ಲಿನ ಭಾಗವೊಂದನ್ನು ಅನುವಾದಿಸಿದ. ಆದರೆ ಆಡುವವರು ಪಂಡಿತರ ಮಾತು ಕೇಳಲಿಲ್ಲ. ಅದು ಒಳ್ಳೆಯದೇ ಆಯಿತು ಎಂದು ನನ್ನ ಅಭಿಪ್ರಾಯ. ಬೇಕಾದಲ್ಲಿಂದ ತಂದುಕೊಂಡದ್ದರಿಂದಲೇ ಇಂಗ್ಲಿಷ್ ಇಷ್ಟು ಹರವು ಪಡೆದದ್ದು.

ಮೂತ್ರಪಿಂಡದ ವಿಷಯ ಬಂದದ್ದರಿಂದ ಇನ್ನೊಂದು ಜೋಡಿ ಹೇಳಲೇಬೇಕು. ಅಡ್ರಿನಲಿನ್ ಮತ್ತು ಎಪಿನೆಫ್ರಿನ್ ಎಂದು ಪುಸ್ತಕದಲ್ಲಿ ಎರಡು ಹೆಸರಿರುತ್ತವೆ, ವಸ್ತು ಒಂದೇ. ಲ್ಯಾಟಿನ್‌ನ ‘ಆಡ್’ ಎಂದರೆ ಹತ್ತಿರ, ‘ರೆನ್’ ಎಂದರೆ ಮೂತ್ರಪಿಂಡ. ಗ್ರೀಕ್‌ನ ‘ಎಪಿ’ ಎಂದರೆ ಮೇಲೆ, ‘ನೆಫ್ರೋಸ್’ ಮೂತ್ರಪಿಂಡ. ಇದನ್ನು ಸ್ರವಿಸುವ ಗ್ರಂಥಿ ಮೂತ್ರಪಿಂಡದ ತಲೆಯ ಮೇಲೆ ಕೂತಿರುವುದರಿಂದ ಎರಡೂ ಭಾಷೆಯಲ್ಲಿ ಒಂದೇ ಹೆಸರು. 1897ರಲ್ಲಿ ಅಮೆರಿಕದ ಜಾನ್ ಏಬಲ್ ಗ್ರೀಕ್ ಹೆಸರು ಕೊಟ್ಟರು. 1901ರಲ್ಲಿ ಜಪಾನ್ ಮೂಲದ ಜೋಕಿಚಿ ಟಕಮಿನೆ ಅದನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿ ಲ್ಯಾಟಿನ್ ಹೆಸರು ಕೊಟ್ಟರು. ಅದು ಅಮೆರಿಕದಲ್ಲಿ ಒಂದು ಕಂಪನಿಯ ಟ್ರೇಡ್‌ಮಾರ್ಕ್ ಆಯಿತು. ಹಾಗಾಗಿ ಅಮೆರಿಕದವರು ಎಪಿನೆಫ್ರಿನ್ ಎನ್ನುತ್ತಾರೆ, ಬ್ರಿಟನ್‌ನವರು ಅಡ್ರಿನಲಿನ್ ಎನ್ನುತ್ತಾರೆ. ಮಗಳು ಇದನ್ನು ಎರಡು ಪದವಾಗಿ ಉರು ಹೊಡೆಯಬೇಕಾಗಿಲ್ಲ.

ಇನ್ನು ನಿಮ್ಮ ವಾಟ್ಸಾಪ್ ಪ್ರಶ್ನೆ. ಅದಕ್ಕೆ ಆಮ್ಲಜನಕದಿಂದ ಶುರು ಮಾಡೋಣ.

ಫ್ರಾನ್ಸಿನ ಲಾವಾಸಿಯೇ 18ನೇ ಶತಮಾನದ ಕೊನೆಯಲ್ಲಿ ಆಕ್ಸಿಜನ್ ಎಂಬ ಹೆಸರು ಕಟ್ಟಿದ. ಗ್ರೀಕ್‌ನಲ್ಲಿ ‘ಆಕ್ಸಿಸ್’ ಎಂದರೆ ಹುಳಿ, ಚೂಪು. ‘ಗೆನ್’ ಎಂದರೆ ಹುಟ್ಟಿಸು. ಎಲ್ಲ ಆಮ್ಲದಲ್ಲೂ ಈ ಅನಿಲ ಇದ್ದೇ ಇರುತ್ತದೆ ಎಂದು ಅವನು ನಂಬಿದ್ದ. ಆ ನಂಬಿಕೆ ತಪ್ಪು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲ ಎಂದು 1810ರಲ್ಲಿ ಹಂಫ್ರಿ ಡೇವಿ ತೋರಿಸಿದ. ಹೆಸರು ಮಾತ್ರ ಬದಲಾಗಲಿಲ್ಲ. ನಮ್ಮವರು ಅದನ್ನು ತುಂಡು ತುಂಡಾಗಿ ಅನುವಾದಿಸಿ ಆಮ್ಲಜನಕ ಎಂದರು, ಹೈಡ್ರೋಜನ್ ಜಲಜನಕವಾಯಿತು. ಈಗ ‘ಗೆನ್’ ಮತ್ತು ‘ಜನ’ ಅಕ್ಕಪಕ್ಕ ಇಟ್ಟು ನೋಡಿ. ಎರಡೂ ಒಂದೇ ಬೇರಿನವು. ಅನುವಾದ ಮಾಡಿದ್ದರಿಂದ ಒಂದಾದದ್ದಲ್ಲ, ಸಾವಿರಾರು ವರ್ಷ ಹಿಂದೆಯೇ ಒಂದಾಗಿದ್ದವು.

1786ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಮಾತಾಡುತ್ತ ನ್ಯಾಯಾಧೀಶ ವಿಲಿಯಂ ಜೋನ್ಸ್, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಈಗ ಬಹುಶಃ ಉಳಿದಿಲ್ಲದ ಒಂದೇ ಮೂಲದಿಂದ ಬಂದಿರಬೇಕು ಎಂದರು. ಮುಖ್ಯ ಮಾತು ಅದೇ. ಸಂಸ್ಕೃತ ತಾಯಿಯಲ್ಲ, ಅಕ್ಕ. ಸಪ್ತ, ಸೆಪ್ಟೆಮ್, ಹೆಪ್ಟ ಎಂದು ಮೂವರೂ ಹೇಳುವುದು ಒಬ್ಬ ತಾಯಿಯ ಮಕ್ಕಳಾದ್ದರಿಂದ. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಡಿಸೆಂಬರ್ ಎಂಬವು ಸಪ್ತ, ಅಷ್ಟ, ನವ, ದಶದಿಂದ ಹೋದವು ಎಂದು ವಾಟ್ಸಾಪ್‌ನಲ್ಲಿ ಬಂದಿರಬಹುದು. ಅವು ಲ್ಯಾಟಿನ್ ಸಂಖ್ಯೆಗಳು. ರೋಮನ್ನರ ಹಳೆಯ ವರ್ಷ ಮಾರ್ಚ್‌ನಿಂದ ಶುರುವಾಗುತ್ತಿತ್ತು, ಹಾಗಾಗಿ ಸೆಪ್ಟೆಂಬರ್ ಏಳನೆಯದು. ಹೋಲಿಕೆ ನಿಜ, ಹೋದವು ಎಂಬುದು ಸುಳ್ಳು.

ಈ ನೆಂಟಸ್ತಿಕೆಗೆ ಕ್ರಮವಿದೆ. 1822ರಲ್ಲಿ ಜರ್ಮನಿಯ ಯಾಕೋಬ್ ಗ್ರಿಮ್ ಅದನ್ನು ವಿವರವಾಗಿ ಬರೆದರು. ಸಂಸ್ಕೃತ, ಲ್ಯಾಟಿನ್‌ನಲ್ಲಿ ‘ಪ’ ಇದ್ದ ಕಡೆ ಇಂಗ್ಲಿಷಿನಲ್ಲಿ ‘ಫ’ ಬರುತ್ತದೆ: ಪಿತೃ, ಪಾಟರ್, ಫಾದರ್. ‘ದ’ ಇದ್ದ ಕಡೆ ‘ಟ’: ದಂತ, ಡೆನ್ಸ್, ಟೂತ್. ಪಾದ, ಪೆಸ್, ಫೂಟ್ ಎಂಬಲ್ಲಿ ಎರಡೂ ಬದಲಾವಣೆ ಒಟ್ಟಿಗೆ ಕಾಣುತ್ತವೆ. ಇಂಗ್ಲಿಷಿನ ಟೂತ್ ಹುಟ್ಟಿನಿಂದ ಬಂದದ್ದು, ಡೆಂಟಲ್ ಎರವಲು ತಂದದ್ದು, ಎರಡೂ ಒಂದೇ ಬೇರು. ಕ್ರೆಡಿಟ್ ಕಾರ್ಡಿನ ಕ್ರೆಡಿಟ್ ಬಂದದ್ದು ನಂಬು ಎಂಬ ಅರ್ಥದ ಲ್ಯಾಟಿನ್ ‘ಕ್ರೇದೋ’ದಿಂದ. ಅದು ನಮ್ಮ ಶ್ರದ್ಧೆಯ ಒಡಹುಟ್ಟು.

ಕನ್ನಡದ ಮಕ್ಕಳಿಗೆ ಅನುಕೂಲ ಇದೆ ಎಂದೆನಲ್ಲ, ಅದು ಇದೇ. ಕನ್ನಡದಲ್ಲಿ ಸೇರಿಹೋಗಿರುವ ಸಂಸ್ಕೃತ ಪದಗಳ ಮೂಲಕ ಅವರಿಗೆ ಗ್ರೀಕ್, ಲ್ಯಾಟಿನ್ ತುಂಡುಗಳ ಪರಿಚಯ ಅರ್ಧ ಆಗಿಯೇ ಇರುತ್ತದೆ. ಗ್ರೀಕ್‌ನ ‘ಅ’, ‘ಅನ್’ ಎಂದರೆ ಇಲ್ಲ. ಅನೀಮಿಯ ಎಂದರೆ ರಕ್ತವಿಲ್ಲದಿರುವುದು. ಅಶಾಂತಿ, ಅನಾರೋಗ್ಯ ಗೊತ್ತಿರುವವಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗ್ರೀಕ್ ‘ಹೈಪರ್’, ಲ್ಯಾಟಿನ್ ‘ಸೂಪರ್’, ಸಂಸ್ಕೃತ ‘ಉಪರಿ’ ಒಂದೇ ಬಳ್ಳಿಯವು.

ಕನ್ನಡ ಮಾತ್ರ ಈ ಮನೆತನದ್ದಲ್ಲ. ದಕ್ಷಿಣದ ಭಾಷೆಗಳದ್ದೇ ಬೇರೆ ಕುಟುಂಬ ಎಂದು 1816ರಲ್ಲಿ ಮದರಾಸಿನಲ್ಲಿದ್ದ ಬ್ರಿಟಿಷ್ ಅಧಿಕಾರಿ ಎಲ್ಲಿಸ್ ತೋರಿಸಿದರು, 1856ರಲ್ಲಿ ಪಾದ್ರಿ ಕಾಲ್ಡ್‌ವೆಲ್ ಅದನ್ನು ವಿಸ್ತಾರವಾಗಿ ಬರೆದರು. ಹಾಗಾಗಿ ಒಂದು–ಒನ್, ಎಂಟು–ಎಯ್ಟ್ ಎಂಬ ಹೋಲಿಕೆಗಳನ್ನು ನಂಬಬೇಡಿ. ಒನ್ ಎಂಬುದು ಹಳೇ ಇಂಗ್ಲಿಷಿನಲ್ಲಿ ‘ಆನ್’ ಎಂದಿತ್ತು, ಇಂದಿನ ಉಚ್ಚಾರಣೆ ಎಷ್ಟೋ ಶತಮಾನ ಕಳೆದ ಮೇಲೆ ಬಂದದ್ದು. ಬದ್ಮಾಷ್ ಎಂಬಲ್ಲಿರುವ ಪರ್ಷಿಯನ್ ‘ಬದ್’ಗೂ ಇಂಗ್ಲಿಷ್ ‘ಬ್ಯಾಡ್’ಗೂ ಉಚ್ಚಾರಣೆ ಒಂದೇ, ಅರ್ಥವೂ ಒಂದೇ, ಆದರೂ ಸಂಬಂಧವಿಲ್ಲ. ಇವತ್ತಿನ ರೂಪ ನೋಡಿ ತೀರ್ಮಾನಿಸಬಾರದು, ಹಳೆಯ ರೂಪ ನೋಡಬೇಕು.

ಹಾಗೆಂದು ನಮ್ಮ ಕಡೆಯಿಂದ ಏನೂ ಹೋಗಿಲ್ಲ ಎಂದಲ್ಲ. ನಿಜವಾಗಿ ಹೋದವುಗಳ ದಾರಿ ಸಂತೆಯದ್ದು, ಬಂದರಿನದ್ದು. ಸಕ್ಕರೆ ‘ಶರ್ಕರಾ’ದಿಂದ ಪರ್ಷಿಯನ್, ಅರಬ್ಬಿ, ಲ್ಯಾಟಿನ್, ಫ್ರೆಂಚ್ ದಾಟಿ ಶುಗರ್ ಆಯಿತು. ಪೆಪ್ಪರ್ ಪಿಪ್ಪಲಿಯಿಂದ. ಜಿಂಜರ್‌ನ ಹಿಂದೆ ದ್ರಾವಿಡ ಪದವೇ ಇದೆ ಎಂಬುದು ಭಾಷಾತಜ್ಞರ ಅಭಿಪ್ರಾಯ: ತಮಿಳಿನ ಇಂಜಿ, ಅದಕ್ಕೆ ‘ವೇರ್’ ಸೇರಿ ಪಾಲಿಯಲ್ಲಿ ಸಿಂಗಿವೇರ, ಗ್ರೀಕ್‌ನಲ್ಲಿ ಜಿಂಗಿಬೆರಿಸ್. ಆ ವೇರ್ ನಮ್ಮ ಬೇರು. 16ನೇ ಶತಮಾನದಿಂದ ಪೋರ್ಚುಗೀಸರು ಪಶ್ಚಿಮ ಕರಾವಳಿಯಿಂದ ಸರಕಿನ ಜೊತೆ ಹೆಸರನ್ನೂ ಒಯ್ದರು. ಟೀಕ್‌ನಲ್ಲಿ ಮಲಯಾಳದ ತೇಕ್ಕು ಇದೆ, ನಮ್ಮ ತೇಗ. ಕೊಪ್ರಾದಲ್ಲಿ ಕೊಬ್ಬರಿ. ಅರೆಕಾದಲ್ಲಿ ಮಲಯಾಳದ ಅಡಕ್ಕ, ನಮ್ಮ ಅಡಿಕೆ. ಕರಾವಳಿಯ ಈ ಭಾಷೆಗಳು ಅಕ್ಕತಂಗಿಯರಾದ್ದರಿಂದ, ಪದ ಯಾರ ಬಾಯಿಂದ ಹಡಗು ಹತ್ತಿತು ಎಂದು ಗೆರೆ ಎಳೆದು ಕನ್ನಡಕ್ಕೇ ಬರೆದುಕೊಳ್ಳುವ ಅಗತ್ಯವಿಲ್ಲ.

ಮಗಳು ಫಿಸಿಕ್ಸ್ ಕೂಡ ಓದುತ್ತಿದ್ದಾಳಲ್ಲ, ತ್ರಿಕೋನಮಿತಿಯ ಸೈನ್ ಪದದ ಪ್ರಯಾಣ ಅವಳಿಗೆ ಹೇಳಿ. ಆರ್ಯಭಟ 499ರಲ್ಲಿ ಬಿಲ್ಲಿನ ಹೆದೆ ಎಂಬ ಅರ್ಥದ ‘ಜ್ಯಾ’ ಪದ ಬಳಸಿದ. ವೃತ್ತದ ತುಂಡು ಬಿಲ್ಲಿನ ಹಾಗೆ, ಅದರ ಎರಡು ತುದಿ ಸೇರಿಸುವ ಗೆರೆ ಹೆದೆಯ ಹಾಗೆ. ಇದಕ್ಕೆ ‘ಜೀವಾ’ ಎಂಬ ರೂಪವೂ ಇತ್ತು. ಅರಬ್ಬರು ಅದನ್ನು ‘ಜೀಬ’ ಎಂದು ಬರೆದುಕೊಂಡರು. ಅರಬ್ಬಿ ಲಿಪಿಯಲ್ಲಿ ಎಲ್ಲ ಸ್ವರ ಬರೆಯುವುದಿಲ್ಲ, ಹಾಗಾಗಿ ಮುಂದೆ ಓದಿದವರಿಗೆ ಅದು ತಮ್ಮದೇ ‘ಜೈಬ್’ ಪದದ ಹಾಗೆ ಕಂಡಿತು. ಜೈಬ್ ಎಂದರೆ ಅಂಗಿಯ ಎದೆಯ ಮಡಿಕೆ. 12ನೇ ಶತಮಾನದಲ್ಲಿ ಲ್ಯಾಟಿನ್‌ಗೆ ಅನುವಾದಿಸಿದವರು ಅದೇ ಅರ್ಥದ ‘ಸೈನಸ್’ ಇಟ್ಟರು. ಅದೇ ಸೈನ್. ಮೂಗಿನ ಪಕ್ಕದ ಟೊಳ್ಳಿಗೂ ಅದೇ ಲ್ಯಾಟಿನ್ ಹೆಸರು, ನೆಗಡಿ ಕಟ್ಟಿದಾಗ ಬಾಧಿಸುವ ಸೈನಸ್. ಅರಬ್ಬಿಯ ಜೈಬ್ ನಮ್ಮಲ್ಲಿಗೂ ಬಂದಿದೆ, ಜೇಬು ಎಂದು.

ಕೊನೆಯದು, ಓದು ಹಗುರವಾಗುತ್ತದೆಯೇ ಎಂಬುದು. ಆಗುತ್ತದೆ, ಆದರೆ ಮೂಲಗಳ ಉದ್ದನೆಯ ಪಟ್ಟಿ ಮಾಡಿ ಅದನ್ನೇ ಇನ್ನೊಂದು ಉರು ಮಾಡಿಕೊಳ್ಳಬಾರದು. ಪಾಠ ಓದುತ್ತ ಸಿಕ್ಕಿದ್ದನ್ನು ಬಿಡಿಸಬೇಕು. ಮೂತ್ರಪಿಂಡದ ಚಿತ್ರ ತೆಗೆಯಿರಿ. ಹೊರಗಿನ ಭಾಗ ಕಾರ್ಟೆಕ್ಸ್, ಅಂದರೆ ಮರದ ತೊಗಟೆ. ಒಳಗಿನದು ಮೆಡುಲ್ಲ, ತಿರುಳು. ನಡುವೆ ಮೂತ್ರ ಸೇರುವ ಜಾಗ ಪೆಲ್ವಿಸ್, ಬೋಗುಣಿ. ಸೊಂಟದ ಎಲುಬಿಗೂ ಆಕಾರ ನೋಡಿಯೇ ಆ ಹೆಸರು. ಗ್ಲೊಮೆರುಲಸ್ ಎಂದರೆ ಪುಟ್ಟ ನೂಲಿನ ಉಂಡೆ, ಚಿತ್ರದಲ್ಲಿ ಹಾಗೇ ಇದೆ ನೋಡಿ. ಕೊನೆಯ ‘-ಉಲಸ್’ ಬಂದರೆ ಪುಟ್ಟದು ಎಂದರ್ಥ. ಅಫರೆಂಟ್, ಎಫರೆಂಟ್ ಎಂಬ ನಾಳಗಳನ್ನು ಮಕ್ಕಳು ಅದಲು ಬದಲು ಮಾಡುತ್ತಾರೆ. ‘ಫೆರ್’ ಎಂದರೆ ಹೊರು, ಸಂಸ್ಕೃತದ ಭಾರದಲ್ಲಿರುವ ‘ಭರ್’ ಅದರ ನೆಂಟ. ‘ಆಡ್’ ಸೇರಿದರೆ ಕಡೆಗೆ ಹೊತ್ತು ತರುವುದು, ‘ಎಕ್ಸ್’ ಸೇರಿದರೆ ಹೊರಗೆ ಹೊತ್ತು ಹೋಗುವುದು. ಪೋಡೋಸೈಟ್ ಎಂದರೆ ಕಾಲಿರುವ ಕೋಶ. ಪೈಲೋನೆಫ್ರೈಟಿಸ್‌ನಂಥ ಉದ್ದನೆಯ ಪದವೂ ಬಿಡಿಸಿದರೆ ಬೋಗುಣಿ, ಮೂತ್ರಪಿಂಡ, ಉರಿಯೂತ, ಅಷ್ಟೇ.

ಎರಡು ಕಡೆ ಎಚ್ಚರ ಬೇಕು. ಲ್ಯಾಟಿನ್‌ನ ‘ಪೆಡ್’ ಎಂದರೆ ಪಾದ, ಪೆಡಲ್, ಪೆಡೆಸ್ಟ್ರಿಯನ್‌ಗಳಲ್ಲಿ ಇರುವುದು. ಪೀಡಿಯಾಟ್ರಿಕ್ಸ್‌ನಲ್ಲಿರುವುದು ಗ್ರೀಕ್‌ನ ‘ಪೈಡ್’, ಅಂದರೆ ಮಗು. ಆರ್ಥೊಪೀಡಿಕ್ ಎಂದರೆ ಕಾಲಿಗೆ ಸಂಬಂಧಿಸಿದ್ದು ಎಂದು ಬಹಳ ಜನ ತಿಳಿಯುತ್ತಾರೆ. 1741ರಲ್ಲಿ ಫ್ರಾನ್ಸಿನ ವೈದ್ಯ ನಿಕೊಲಾ ಆಂದ್ರಿ ಆ ಪದ ಕಟ್ಟಿದ್ದು ಮಕ್ಕಳ ಸೊಟ್ಟ ಮೂಳೆಯನ್ನು ನೇರ ಮಾಡುವ ವಿದ್ಯೆಗೆ. ಹಾಗೆಯೇ ‘ಹೋಮೋ’ ಗ್ರೀಕ್‌ನಲ್ಲಿ ಒಂದೇ ಬಗೆಯ, ನಮ್ಮ ‘ಸಮ’ದ ಬಂಧು. ಲ್ಯಾಟಿನ್‌ನಲ್ಲಿ ಮನುಷ್ಯ. ಹೋಮೋಜೀನಸ್ ಮೊದಲನೆಯದು, ಹೋಮೋ ಸೇಪಿಯನ್ಸ್ ಎರಡನೆಯದು.

ಸ್ಪೆಲಿಂಗ್‌ಗೂ ಇದರಿಂದ ಸಹಾಯವಿದೆ. ಪಿ ಮತ್ತು ಎಚ್ ಸೇರಿ ‘ಫ’ ಆದರೆ, ಸಿ ಮತ್ತು ಎಚ್ ಸೇರಿ ‘ಕ’ ಆದರೆ, ಆ ಪದ ಹೆಚ್ಚುಕಡಿಮೆ ಗ್ರೀಕ್ ಎಂದೇ ತಿಳಿಯಬಹುದು. ನ್ಯುಮೋನಿಯದ ಮೊದಲಿನ ಪಿ ಸುಮ್ನೆ ಕೂತದ್ದಲ್ಲ, ಗ್ರೀಕರು ಅದನ್ನು ಉಚ್ಚರಿಸುತ್ತಿದ್ದರು.

ಒಳ್ಳೆಯ ಇಂಗ್ಲಿಷ್ ನಿಘಂಟಿನಲ್ಲಿ ಪ್ರತಿ ಪದಕ್ಕೂ ಮೂಲ ಕೊಟ್ಟಿರುತ್ತಾರೆ, ಫೋನಿನಲ್ಲೂ ಸಿಗುತ್ತದೆ. ದಿನಕ್ಕೆ ಮೂರು ನಾಲ್ಕು ಪದ ಸಾಕು. ಮೂತ್ರಪಿಂಡ ಮುಗಿದ ಮೇಲೆ ಹೃದಯದ ಪಾಠ ತೆಗೆದುಕೊಳ್ಳಲಿ. ಅಲ್ಲಿ ಮೇಲಿನ ಕೋಣೆ ಏಟ್ರಿಯಂ. ಅದು ರೋಮನ್ ಮನೆಯ ನಡುವಿನ, ಮಾಡಿನ ಮಧ್ಯೆ ಆಕಾಶಕ್ಕೆ ತೆರೆದ ಅಂಗಳ, ನಮ್ಮ ತೊಟ್ಟಿಮನೆಯ ತೊಟ್ಟಿಯ ಹಾಗೆ. ಮಳೆನೀರು ಅಲ್ಲಿಗೇ ಬೀಳುತ್ತಿತ್ತು. ಕೆಳಗಿನ ಕೋಣೆ ವೆಂಟ್ರಿಕಲ್, ಪುಟ್ಟ ಹೊಟ್ಟೆ. ಅವುಗಳ ನಡುವಿನ ಮೈಟ್ರಲ್ ಕವಾಟಕ್ಕೆ ಆ ಹೆಸರು ಬಂದದ್ದು ಬಿಷಪ್ಪರ ಎರಡು ಮೊನೆಯ ಟೋಪಿಯಿಂದ. ಆ ಹೋಲಿಕೆ ಕೊಟ್ಟವನು ವೆಸಾಲಿಯಸ್. ಟ್ರೈಕಸ್ಪಿಡ್ ಅನ್ನು ಮಗಳೇ ಬಿಡಿಸಲಿ, ‘ಕಸ್ಪಿಸ್’ ಎಂದರೆ ಮೊನೆ ಎಂದಷ್ಟು ಹೇಳಿಕೊಡಿ.